ಫ್ಲಾಸ್ಕಿನ ಕತ್ತಿಗೆ ತುಪ್ಪ

ಹೆಸರಿನ ಹಿಂದೆ ಮುಂದೆ ಏನೂ ಅಂಟಿಕೊಂಡಿಲ್ಲದವರು ನಮ್ಮ ಕೇಂದ್ರದಲ್ಲಿ ಇಬ್ಬರೇ ಇದ್ದರು. ಒಬ್ಬ ಗೇಟು ಕಾಯುವ ಮುನಿಶಾಮಿ, ಇನ್ನೊಬ್ಬಳು ಗಾಜು ತೊಳೆಯುವ ಗಂಗಾಲಕ್ಷ್ಮಿ. ಮಿಕ್ಕವರಿಗೆಲ್ಲ ಮುಂದೆ ಡಾಕ್ಟರ್, ಹಿಂದೆ ಇಂಗ್ಲಿಷ್ ವರ್ಣಮಾಲೆಯ ಅರ್ಧ ಭಾಗ. ನನಗೂ ಒಂದು ಬಾಲವಿತ್ತು: ವೆಂಕಟರಮಣಪ್ಪ, ಬೆರಳಚ್ಚುಗಾರ, ದ್ವಿತೀಯ ದರ್ಜೆ. ಶ್ರೀನಿವಾಸಪುರದಿಂದ ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಬಂದು, ದೊಡ್ಡವರು ಹೇಳಿದ್ದನ್ನು ಟೈಪ್ ಮಾಡಿ, ಅವರ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿ, ಸಂಜೆ ಬಸ್ಸಿಗೆ ವಾಪಸು ಹೋಗುವುದು ನನ್ನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದೆ. ಬೇರೆಯವರ ಮಾತು ಟೈಪ್ ಮಾಡಿ ಮಾಡಿ ಬೇಸರ ಬಂದಿದೆ, ಆದ್ದರಿಂದ ಗಂಗಾಲಕ್ಷ್ಮಿಯ ವಿಷಯವನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.

ಕೇಂದ್ರ ಎಂದರೆ ಶತಶೃಂಗ ಜೀವವಿಜ್ಞಾನ ಸಂಶೋಧನಾ ಕೇಂದ್ರ. ಕೋಲಾರದ ಬೆಟ್ಟದ ಬುಡದಲ್ಲಿ ತೊಂಬತ್ತನೇ ಇಸವಿಯಲ್ಲಿ ಶುರುವಾಯಿತು. ಕಟ್ಟಡಕ್ಕಿಂತ ಬೋರ್ಡು ದೊಡ್ಡದು. ಮಾರನೆಯ ವರ್ಷ ಜೂನ್ ಮೂರನೇ ತಾರೀಕು, ಸೋಮವಾರ, ವಕ್ಕಲೇರಿಯಿಂದ ಒಬ್ಬ ಹೆಂಗಸು ಬಂದು, ಕೆಲಸ ಇದೆಯಂತಲ್ಲ ಎಂದು ಕೇಳಿದಳು. ತಾಯಿ ದೊಡ್ಡಗಂಗಮ್ಮ ಹಸು ಸಾಕಿ ಡೈರಿಗೆ ಹಾಲು ಹಾಕುವವಳು, ಗಂಡ ಕಾಂತರಾಜ್ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಟ್ರ್ಯಾಕ್ಟರ್ ಓಡಿಸುವವನು. ಏಳನೇ ಕ್ಲಾಸು ಓದಿದ್ದಳು. ಬಂದ ದಿನವೇ ಸಿಂಕಿನಲ್ಲಿ ತಿಂಗಳಿಂದ ಕೊಳೆಯುತ್ತಿದ್ದ ಗಾಜಿನ ಸಾಮಾನನ್ನೆಲ್ಲ ತೊಳೆದು ಬಿಸಿಲಿಗಿಟ್ಟಳು. ಅವತ್ತಿನಿಂದ ಆ ಸಿಂಕು ಅವಳದಾಯಿತು.

ಅವಳ ಕೆಲಸ ತೊಳೆಯುವುದಷ್ಟೇ ಅಲ್ಲ. ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಸಕ್ಕರೆ, ಸತ್ವ ಬೆರೆಸಿದ ನೀರು ಮಾಡಿ, ಅಗಲ ಹೊಟ್ಟೆ ಸಣ್ಣ ಕತ್ತಿನ ಗಾಜಿನ ಫ್ಲಾಸ್ಕುಗಳಿಗೆ ಸುರಿದು, ಬಾಯಿಗೆ ಹತ್ತಿ ತುರುಕಿ, ಆಳೆತ್ತರದ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ ಕೊಡುವುದೂ ಅವಳೇ. ಒಟ್ಟಿನಲ್ಲಿ ವಿಜ್ಞಾನ ಶುರುವಾಗುವುದಕ್ಕೆ ಮುಂಚಿನದೆಲ್ಲ ಅವಳು, ಮುಗಿದ ಮೇಲಿನದೆಲ್ಲ ನಾನು. ನಡುವೆ ಇದ್ದವರು ವಿಜ್ಞಾನಿಗಳು.

ಆದರೆ ಕಾಗದದ ಮೇಲೆ ಅವಳು ಇರಲಿಲ್ಲ. ನೇಮಕಾತಿ ಆದೇಶವಿಲ್ಲ, ಗುರುತಿನ ಚೀಟಿಯಿಲ್ಲ. ಹಾಜರಿಯನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನಾನೇ ಬರೆದುಕೊಳ್ಳುತ್ತಿದ್ದೆ. ಕೇಳಿದರೆ, ಅವಳು ಗುತ್ತಿಗೆದಾರನ ಕಡೆಯವಳು ಎನ್ನುತ್ತಿದ್ದರು. ಆ ಗುತ್ತಿಗೆದಾರನನ್ನು ಕೇಂದ್ರದಲ್ಲಿ ಯಾರೂ ಕಣ್ಣಿಂದ ಕಂಡಿರಲಿಲ್ಲ. ತೊಂಬತ್ತೊಂಬತ್ತರಲ್ಲಿ ಅವಳು ಕಾರ್ಮಿಕ ಅಧಿಕಾರಿಯ ಮುಂದೆ ಅರ್ಜಿ ಹಾಕಿದಳು, ಕೆಲಸ ಕಾಯಂ ಮಾಡಿಸಿಕೊಡಿ ಎಂದು. ಅವಳು ನಮ್ಮವಳೇ ಅಲ್ಲ ಎಂದು ಕೇಂದ್ರ ಉತ್ತರ ಬರೆಯಿತು. ಆ ಉತ್ತರವನ್ನು ಟೈಪ್ ಮಾಡಿದವನು ನಾನು. ಟೈಪ್ ಮಾಡುವಾಗ ಕಿಟಕಿಯಾಚೆ ಅವಳು ಫ್ಲಾಸ್ಕು ಉಜ್ಜುವ ಸದ್ದು ಕೇಳುತ್ತಿತ್ತು. ನಾಚಿಕೆಯಾಯಿತು, ಆದರೂ ಟೈಪ್ ಮಾಡಿದೆ.

ಆ ಅಧಿಕಾರಿ ಸಾವಧಾನದ ಮನುಷ್ಯ. ಅವಳಿಗೆ ಬಿಡಿಸಿ ಹೇಳಿದನಂತೆ: ನೀನು ಕೆಲಸ ಮಾಡುತ್ತೇನೆ ಎನ್ನುತ್ತೀಯ, ಅವರು ಇಲ್ಲ ಎನ್ನುತ್ತಾರೆ, ಅವರು ನಿನ್ನ ಹೆಸರಿಗೆ ಬರೆದುಕೊಟ್ಟ ಒಂದೇ ಒಂದು ಕಾಗದ ತಾ, ಸಾಕು. ಅವಳು ನೇರ ನನ್ನ ಮೇಜಿನ ಹತ್ತಿರ ಬಂದಳು.

“ಅಣ್ಣಾ, ನನ್ನೆಸ್ರಿರೋ ಕಾಗ್ದ ಒಂದಾದ್ರೂ ಇದ್ರೆ ಹುಡುಕ್ಕೊಡಿ. ಚೆನ್ನಾಗಿ ಬರ್ದಿರ್ಬೇಕು ಅಂತೇನಿಲ್ಲ.”

ಎರಡು ದಿನ ಬೀರು ಜಾಲಾಡಿದೆ. ನೀರಿನ ಪಂಪಿಗೆ ಒಂದು ಫೈಲಿತ್ತು. ಕಾಂಪೌಂಡಿನೊಳಗೆ ಮರಿ ಹಾಕಿದ ಬೀದಿನಾಯಿಗೆ, ನಗರಸಭೆಗೆ ಬರೆದ ಮೂರು ಪತ್ರಗಳ ಸಮೇತ, ಒಂದು ಫೈಲಿತ್ತು. ಅವಳು ದಿನಾ ಉರಿಸುವ ದೊಡ್ಡ ಕುಕ್ಕರಿಗೆ ಹುಟ್ಟಿದಾರಭ್ಯ ಚರಿತ್ರೆ ಇತ್ತು. ಅವಳಿಗೆ ಒಂದು ಚೂರು ಚೀಟಿ ಇರಲಿಲ್ಲ. ನನ್ನ ನೋಟ್‌ಬುಕ್ಕು ತೋರಿಸಿದರೆ, ಅದಕ್ಕೆ ಸೀಲೂ ಇಲ್ಲ, ಸಹಿಯೂ ಇಲ್ಲ ಎಂದು ಕೇಂದ್ರದ ವಕೀಲರು ನಕ್ಕರು.

ಇನ್ನು ನಮ್ಮ ನಿರ್ದೇಶಕರು, ಡಾಕ್ಟರ್ ಲಕ್ಷ್ಮೀನಾರಾಯಣ. ಮುಳಬಾಗಿಲಿನ ಹಳೇ ಮನೆತನ. ತಾಯಿಯ ಕಡೆ ಅರ್ಚಕರು, ತಂದೆಯ ಕಡೆ ಶಾನುಭೋಗರು. ಹಾಗಾಗಿ ಸ್ತೋತ್ರ ಮಾಡುವುದೂ ಗೊತ್ತು, ಕಾಗದ ಹೊಂದಿಸುವುದೂ ಗೊತ್ತು. ದೆಹಲಿಯಿಂದ ಸಂಶೋಧನಾ ಅನುದಾನ ತರುವುದಕ್ಕೆ ಈ ಎರಡು ವಿದ್ಯೆ ಬೇಕಾದಷ್ಟಾಯಿತು. ಕೆಟ್ಟ ಮನುಷ್ಯರಲ್ಲ. ಎದುರಿಗೆ ಸಿಕ್ಕರೆ, ಏನಮ್ಮ ಗಂಗಾಲಕ್ಷ್ಮಿ, ಆರೋಗ್ಯವೇ ಎಂದು ಕೇಳುತ್ತಿದ್ದರು. ಕಾಯಂ ವಿಷಯ ತೆಗೆದರೆ, ಪ್ರಾಜೆಕ್ಟ್ ಮುಗೀಲಿ ನೋಡೋಣ ಎನ್ನುತ್ತಿದ್ದರು. ಪ್ರತಿ ತಿಂಗಳ ಮೊದಲ ವಾರ ಮುಳಬಾಗಿಲಿನಿಂದ ಒಂದು ಸ್ಟೀಲ್ ಡಬ್ಬಿ ತಂದು ಅವಳಿಗೆ ಕೊಡುತ್ತಿದ್ದರು. ಅದು ದೊಡ್ಡಗಂಗಮ್ಮ ಕಾಸಿದ ಹಸುವಿನ ತುಪ್ಪ ತುಂಬಿಕೊಂಡು ವಾಪಸು ಹೋಗುತ್ತಿತ್ತು. ವಕ್ಕಲೇರಿ ತುಪ್ಪವಿಲ್ಲದೆ ಅವರ ತಾಯಿ ಜಾನಕಮ್ಮನವರ ಗಂಟಲಲ್ಲಿ ತೊವ್ವೆ ಇಳಿಯುತ್ತಿರಲಿಲ್ಲವಂತೆ.

ಆ ಪ್ರಾಜೆಕ್ಟು ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ವಿಜ್ಞಾನ ಓದಿದವನಲ್ಲ, ಆದರೆ ಒಂದೇ ವಿಷಯವನ್ನು ನಲವತ್ತು ಸಲ ಟೈಪ್ ಮಾಡಿದರೆ ಕಲ್ಲಿಗೂ ಅರ್ಥವಾಗುತ್ತದೆ. ನಮ್ಮ ಲಿವರಿನ ಜೀವಕೋಶಗಳಲ್ಲಿ ಒಂದು ಪ್ರೋಟೀನು ತಯಾರಾಗುತ್ತದೆ. ಎ ಜೀವಸತ್ವವನ್ನು ಹೊತ್ತುಕೊಂಡು ರಕ್ತಕ್ಕೆ ಇಳಿದು, ಕಣ್ಣಿಗೆ, ಚರ್ಮಕ್ಕೆ ತಲುಪಿಸುವುದು ಅದರ ಕೆಲಸ. ಜೀವಸತ್ವ ಬಂದು ಕೂರುವವರೆಗೆ ಅದು ಜೀವಕೋಶ ಬಿಟ್ಟು ಹೊರಡುವುದಿಲ್ಲ. ಮುಳಬಾಗಿಲು ಟೆಂಪೊದವರು ಸೀಟು ತುಂಬದೆ ಗಾಡಿ ಎತ್ತುತ್ತಾರೆಯೇ, ಹಾಗೆ. ಅದನ್ನು ಒಳಗೆ ತಡೆದು ನಿಲ್ಲಿಸುವವರು ಯಾರು? ಅದೇ ಪ್ರಶ್ನೆ.

ಇದನ್ನು ತಿಳಿಯಲು ಲಕ್ಷ್ಮೀನಾರಾಯಣರು ಯೀಸ್ಟನ್ನು ಹಿಡಿದರು. ಬ್ರೆಡ್ಡು ಉಬ್ಬಿಸುತ್ತದಲ್ಲ, ಅದೇ. ಅದರ ಜೀವಕೋಶದ ಒಳಗಿನ ಏರ್ಪಾಡು ನಮ್ಮದರ ಹಾಗೇ ಇದೆಯಂತೆ. ಸಕ್ಕರೆ ನೀರು ಕೊಟ್ಟರೆ ಬೆಳೆಯುತ್ತದೆ, ಕಾಯಂ ಮಾಡಿ ಎಂದು ಕೇಳುವುದಿಲ್ಲ. ಆ ಯೀಸ್ಟಿಗೆ ಮನುಷ್ಯನ ಜೀನ್ ಸೇರಿಸಿ, ಅದರ ಕೈಯಲ್ಲೇ ಈ ಪ್ರೋಟೀನು ಮಾಡಿಸುವುದು. ಅರ್ಧ ಫ್ಲಾಸ್ಕುಗಳಿಗೆ ಎ ಜೀವಸತ್ವ ಹಾಕುವುದು, ಇನ್ನರ್ಧಕ್ಕೆ ಹಾಕದೆ ಬಿಡುವುದು. ಆಮೇಲೆ ಪ್ರೋಟೀನು ಜೀವಕೋಶದ ಒಳಗೇ ಇದೆಯೋ, ಹೊರಗಿನ ನೀರಿಗೆ ಬಂದಿದೆಯೋ ನೋಡುವುದು. ಬಂದಿದ್ದರೆ ಫಿಲ್ಮಿನ ಮೇಲೆ ಒಂದು ಕಪ್ಪು ಪಟ್ಟಿ ಮೂಡುತ್ತದೆ. ಈ ನೋಡುವ ಕೆಲಸಕ್ಕೆ ಸಂಹಿತಾ ಎಂಬ ಹುಡುಗಿ ಬಂದಳು. ಪಿಎಚ್‌ಡಿ ಮಾಡುವವಳು, ಮೂಗಿನ ತುದಿಯಲ್ಲಿ ಕನ್ನಡಕ, ಕಣ್ಣಂಚಿನಲ್ಲಿ ಅಳು.

ಸಂಹಿತಾ ಬಂದ ಹೊಸತರಲ್ಲಿ ನೊರೆಯ ಕಾಟ. ದೊಡ್ಡ ಕುಕ್ಕರಿನ ಆವಿ ಬಿಟ್ಟ ಕೂಡಲೇ ಫ್ಲಾಸ್ಕಿನ ಸಕ್ಕರೆ ನೀರು ಉಕ್ಕಿ ಬಂದು ಹತ್ತಿಯನ್ನು ನೆನೆಸುತ್ತಿತ್ತು. ನೆಂದ ಹತ್ತಿಗೆ ಬೂಷ್ಟು ಹಿಡಿದು ಎಲ್ಲ ಹಾಳು. ನೊರೆ ತಡೆಯುವ ಔಷಧಿಗೆ ಬೇಡಿಕೆ ಪತ್ರ ಟೈಪ್ ಮಾಡಿ ಕಳಿಸಿದೆ. ನೊರೆ ಏಕೆ ಬರುತ್ತದೆ ಎಂದು ಸಮರ್ಥಿಸಿ ಎಂಬ ಷರಾದೊಂದಿಗೆ ವಾಪಸು ಬಂತು. ಸಮರ್ಥಿಸಿದೆವು. ಸಮರ್ಥನೆಯ ಮೂರು ಪ್ರತಿ ಬೇಕು ಎಂದು ಮತ್ತೆ ಬಂತು. ಅಷ್ಟರಲ್ಲಿ ಸಂಹಿತಾಳ ನಾಲ್ಕನೇ ಸಲದ ಫ್ಲಾಸ್ಕುಗಳೂ ಬೂಷ್ಟು ಹಿಡಿದವು. ಅವಳು ತೊಳೆಯುವ ಕೋಣೆಯಲ್ಲಿ ನಿಂತು ಅತ್ತಳು.

ಆಮೇಲೆ ಒಂದು ದಿನ ನೊರೆ ನಿಂತುಹೋಯಿತು. ಉಕ್ಕುವುದಿಲ್ಲ, ಹತ್ತಿ ನೆನೆಯುವುದಿಲ್ಲ, ಬೂಷ್ಟಿಲ್ಲ. ಯಾಕೆ ನಿಂತಿತು ಎಂದು ಒಬ್ಬರೂ ಕೇಳಲಿಲ್ಲ. ತೊಂದರೆ ಬಂದಾಗ ಬೊಬ್ಬೆ ಹಾಕುವ ಜನ, ತೊಂದರೆ ಹೋದಾಗ ಅದು ತಮ್ಮ ಪುಣ್ಯದಿಂದ ಹೋಯಿತು ಅಂದುಕೊಳ್ಳುತ್ತಾರೆ. ನಾನೂ ಕೇಳಲಿಲ್ಲ. ತೊಳೆಯುವ ಕೋಣೆಯ ಕಿಟಕಿಯಲ್ಲಿ ಒಂದು ಸಣ್ಣ ತುಪ್ಪದ ಭರಣಿ ಕಂಡಿದ್ದೆ, ಊಟಕ್ಕೆ ತಂದಿರುತ್ತಾಳೆ ಎಂದುಕೊಂಡೆ. ಲ್ಯಾಬಿನಲ್ಲಿ ಆಗಾಗ ತುಪ್ಪದ ವಾಸನೆ ಬರುತ್ತಿತ್ತು. ಅದು ತಮ್ಮ ಊಟದ ಡಬ್ಬಿಯದೇ ಎಂದು ನಿರ್ದೇಶಕರು ತಿಳಿದಿದ್ದರಂತೆ. ನಾಲ್ಕು ವರ್ಷ ಹಾಗೇ ತಿಳಿದಿದ್ದರು.

ಎರಡು ಸಾವಿರನೇ ಇಸವಿಯಲ್ಲಿ ಫಲಿತಾಂಶ ಬಂತು. ಜೀವಸತ್ವ ಹಾಕಿದ ಫ್ಲಾಸ್ಕಿನಲ್ಲೂ ಪ್ರೋಟೀನು ಹೊರಗೆ ಬಂದಿದೆ, ಹಾಕದ ಫ್ಲಾಸ್ಕಿನಲ್ಲೂ ಬಂದಿದೆ. ಅಂದರೆ ಯೀಸ್ಟಿನೊಳಗೆ ತಡೆಯುವವರೇ ಇಲ್ಲ, ಈ ಕಾವಲು ಪ್ರಾಣಿಗಳಲ್ಲಿ ಮಾತ್ರ ಹುಟ್ಟಿಕೊಂಡದ್ದು ಎಂದು ನಿರ್ದೇಶಕರು ತೀರ್ಮಾನಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಹಿಂದಿನವರು. ಇವರು ಕಟ್ಟಿ, ಹಗ್ಗ ಬಿಗಿದು, ಕರುವಿಗೆ ಹೆಸರೂ ಇಟ್ಟರು. ಪ್ರಬಂಧದ ಶೀರ್ಷಿಕೆ ಎರಡು ಸಾಲು ಬಂತು. ವಿದೇಶದ ಪತ್ರಿಕೆಯೊಂದು ಒಪ್ಪಿಕೊಂಡಿತು. ಕೇಂದ್ರದಲ್ಲಿ ಮೈಸೂರುಪಾಕು ಹಂಚಿದರು. ಗಂಗಾಲಕ್ಷ್ಮಿಗೂ ಒಂದು ತುಂಡು ಸಿಕ್ಕಿತು. ಡಾಲ್ಡಾ ಹಾಕವ್ರೆ ಅಣ್ಣಾ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಎರಡು ಸಾವಿರದ ಎರಡರ ಫೆಬ್ರವರಿಯಲ್ಲಿ, ಪ್ರಬಂಧ ಅಚ್ಚಿಗೆ ಹೋಗುವ ಹೊತ್ತಿನಲ್ಲಿ, ದೊಡ್ಡಗಂಗಮ್ಮ ಕಾಲು ಜಾರಿ ಬಿದ್ದಳು. ಗಂಗಾಲಕ್ಷ್ಮಿ ಹದಿನೈದು ದಿನ ಬರಲಿಲ್ಲ. ಕೊನೆಯದಾಗಿ ಒಂದು ಸಲ ಪರೀಕ್ಷಿಸಿ ಚಂದದ ಚಿತ್ರ ಕಳಿಸಿ ಎಂದು ಪತ್ರಿಕೆಯವರು ಕೇಳಿದ್ದರು. ಸಂಹಿತಾ ತಾನೇ ಫ್ಲಾಸ್ಕು ತೊಳೆದು, ತಾನೇ ಬೇಯಿಸಿದಳು. ನೊರೆ ಉಕ್ಕಿ ಅರ್ಧ ಹಾಳಾದವು. ಉಳಿದವುಗಳಲ್ಲಿ ನೋಡಿದರೆ, ಜೀವಸತ್ವ ಹಾಕದ ಫ್ಲಾಸ್ಕಿನ ನೀರಿನಲ್ಲಿ ಕಪ್ಪು ಪಟ್ಟಿಯೇ ಇಲ್ಲ. ಪ್ರೋಟೀನೆಲ್ಲ ಯೀಸ್ಟಿನ ಒಳಗೇ ಕೂತಿದೆ. ಮತ್ತೆ ಮಾಡಿದಳು, ಮತ್ತೆ ಹಾಗೇ. ಗಂಗಾಲಕ್ಷ್ಮಿ ಕೆಲಸಕ್ಕೆ ಮರಳಿದ ವಾರ ಪಟ್ಟಿ ವಾಪಸು ಬಂತು. ಅವಳ ಕೈಗುಣ ಒಳ್ಳೇದಮ್ಮಾ ಎಂದು ನಿರ್ದೇಶಕರು ನಕ್ಕರು. ವಿಜ್ಞಾನಿಗಳ ಬಾಯಲ್ಲಿ ಕೈಗುಣದ ಮಾತು ಬಂದರೆ ಹತ್ತಿರದಲ್ಲಿ ಏನೋ ಕೆಟ್ಟಿದೆ ಎಂದು ತಿಳಿಯಬೇಕು.

ಸಂಹಿತಾ ನಗಲಿಲ್ಲ. ಮಾರನೆಯ ಬೆಳಿಗ್ಗೆ ತೊಳೆಯುವ ಕೋಣೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತಳು. ನಾಲ್ಕು ವರ್ಷದಲ್ಲಿ ಅಲ್ಲಿ ಯಾರಾದರೂ ಕೂತು ನೋಡಿದ್ದು ಅದೇ ಮೊದಲು. ಗಂಗಾಲಕ್ಷ್ಮಿ ಫ್ಲಾಸ್ಕಿಗೆ ಸಕ್ಕರೆ ನೀರು ಸುರಿದಳು. ಭರಣಿಯ ಮುಚ್ಚಳ ತೆಗೆದು, ಬೆರಳ ತುದಿಯಲ್ಲಿ ತುಪ್ಪ ತೆಗೆದು, ಫ್ಲಾಸ್ಕಿನ ಕತ್ತಿನ ಒಳಗೆ ಸುತ್ತಲೂ ಸವರಿದಳು. ಹತ್ತಿ ಇಟ್ಟಳು. ಮುಂದಿನ ಫ್ಲಾಸ್ಕು ಎತ್ತಿಕೊಂಡಳು.

ಹಾಲಿನ ಮನೆಯ ಹೆಂಗಸರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯೇ ಅಲ್ಲ. ಹಾಲು ಕಾಯಿಸುವಾಗ ಪಾತ್ರೆಯ ಬಾಯಿಗೆ ತುಪ್ಪ ಸವರಿದರೆ, ನೊರೆ ಅಲ್ಲಿಯವರೆಗೆ ಏರಿ ತಗ್ಗುತ್ತದೆ. ಹುಡುಗಿ ಅಳುವುದನ್ನು ನೋಡಲಾರದೆ ಇವಳು ಅದನ್ನೇ ಮಾಡಿದ್ದಳು. ಆದರೆ ಹಸುವಿನ ತುಪ್ಪದಲ್ಲಿ ಎ ಜೀವಸತ್ವ ಇದೆ ಎಂದು ಹೈಸ್ಕೂಲು ಪುಸ್ತಕದಲ್ಲೇ ಇದೆ. ಕುಕ್ಕರಿನ ಬಿಸಿಗೆ ತುಪ್ಪ ಕರಗಿ ಕೆಳಗಿಳಿಯುತ್ತಿತ್ತು. ಜೀವಸತ್ವವಿಲ್ಲ ಎಂದು ಬರೆದ ಚೀಟಿ ಹೊರಗೆ, ಜೀವಸತ್ವ ಒಳಗೆ. ಯೀಸ್ಟು ಪಾಪ ನೆಟ್ಟಗೇ ಇತ್ತು. ಕೊಟ್ಟದ್ದನ್ನು ಹೊರಿಸಿ ಕಳಿಸುತ್ತಿತ್ತು, ಕೊಡದಿದ್ದರೆ ಕಳಿಸುತ್ತಿರಲಿಲ್ಲ.

ಸಂಹಿತಾ ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿದಳು. ಮತ್ತೊಂದು ಮಾತನ್ನೂ ಹೇಳಿದಳು. ನಾನು ಬಾಗಿಲಲ್ಲೇ ಇದ್ದೆ, ಕಿವಿಯಾರೆ ಕೇಳಿದೆ. ಇದು ನಮ್ಮಿಬ್ಬರಿಗೇ ಗೊತ್ತಿರಲಿ, ಇನ್ನು ಮೇಲೆ ಸವರಬೇಡ, ನಿನ್ನ ಅರ್ಜಿಯ ವಿಚಾರಣೆ ಮುಂದಿನ ತಿಂಗಳೇ ಇದೆ, ಸರ್‌ಗೆ ತಿಳಿದರೆ ನಿನ್ನನ್ನು ಅವತ್ತೇ ಹೊರಗೆ ಹಾಕುತ್ತಾರೆ. ಹುಡುಗಿ ತನ್ನ ಪಿಎಚ್‌ಡಿಯನ್ನು ನೆನೆದು ಹೇಳಿದಳೋ, ಇವಳ ಮೇಲಿನ ಪ್ರೀತಿಗೆ ಹೇಳಿದಳೋ, ಎರಡೂ ಇದ್ದಿರಬೇಕು. ಗಂಗಾಲಕ್ಷ್ಮಿ ಭರಣಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

“ನಮ್ಮಮ್ಮ ಮೂವತ್ತು ವರ್ಸ ಡೈರಿಗೆ ಹಾಲಾಕವ್ಳೆ, ಒಂದಿನ ನೀರು ಬೆರ್ಸಿಲ್ಲ. ನಾನು ಬೆರ್ಸ್‌ಬಿಟ್ಟು ಬೆರ್ಸಿಲ್ಲ ಅನ್ಲಾ? ಆಗಲ್ಲ ಸಂಹಿತಮ್ಮ.”

ಎಂದವಳೇ ಭರಣಿ ಕೈಯಲ್ಲಿ ಹಿಡಿದು ನಿರ್ದೇಶಕರ ಕೋಣೆಗೆ ನಡೆದಳು. ಹನ್ನೊಂದು ವರ್ಷದಲ್ಲಿ ಆ ಕೋಣೆಗೆ ಅವಳು ಕರೆಯದೆ ಹೋದದ್ದು ಅದೊಂದೇ ಸಲ. ಫ್ಲಾಸ್ಕಿಗೆ ತುಪ್ಪ ಸವರುತ್ತಿದ್ದವಳು ತಾನೇ, ನಾಲ್ಕು ವರ್ಷದಿಂದ, ಸಂಹಿತಾಳಿಗೆ ಏನೂ ಗೊತ್ತಿರಲಿಲ್ಲ ಎಂದಳು. ಭರಣಿಯನ್ನು ಅವರ ಮೇಜಿನ ಮೇಲಿಟ್ಟಳು. ನಿರ್ದೇಶಕರು ಭರಣಿ ನೋಡಿದರು, ಮೂಸಿದರು. ಅವರಿಗೆ ವಾಸನೆ ಗುರುತು ಸಿಕ್ಕಿತು. ಸಿಗದೆ ಏನು, ಹಿಂದಿನ ದಿನ ಮಧ್ಯಾಹ್ನ ಅನ್ನಕ್ಕೆ ಹಾಕಿಕೊಂಡದ್ದೂ ಅದೇ ತುಪ್ಪ.

ಮುಂದೆ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಪ್ರಬಂಧ ಹಿಂತೆಗೆದುಕೊಳ್ಳುತ್ತೇವೆ ಎಂದು ಪತ್ರಿಕೆಗೆ ಬರೆಯಬೇಕಾಯಿತು. ಏನು ನಡೆಯಿತು, ಹೊಣೆ ಯಾರು ಎಂದು ದೆಹಲಿಯವರು ಕೇಳಿದರು. ನಾಲ್ಕು ವರ್ಷ ಆ ಕೋಣೆಗೆ ಕಾಲಿಡದ ನಿರ್ದೇಶಕರು ಹೊಣೆಯಲ್ಲ, ಔಷಧಿ ಬೇಡಿಕೆಯನ್ನು ಎರಡೆರಡು ಸಲ ವಾಪಸು ಕಳಿಸಿದ ಕಚೇರಿ ಹೊಣೆಯಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಒರೆಸುವವಳೇ ಡೊಂಕು ಎಂದಾಯಿತು. ಅವಳಿಗೆ ಒಂದು ಖಾರವಾದ ಮೆಮೊ ಕೊಟ್ಟು, ಅದರ ಪ್ರತಿಯನ್ನು ದೆಹಲಿಗೆ ಕಳಿಸುವುದೆಂದು ತೀರ್ಮಾನವಾಯಿತು.

ಅಲ್ಲೊಂದು ತೊಡಕಿತ್ತು. ತರಬೇತಿ ಪಡೆದ ಕಾಯಂ ಸಿಬ್ಬಂದಿಯನ್ನು ಬಿಟ್ಟು ಬೇರೆ ಯಾರೂ ಪ್ರಾಜೆಕ್ಟಿನ ಫ್ಲಾಸ್ಕು ಮುಟ್ಟಕೂಡದು ಎಂದು ದೆಹಲಿಯ ಷರತ್ತು. ದಾರಿಯಲ್ಲಿ ಹೋಗುವವಳ ಕೈಗೆ ಫ್ಲಾಸ್ಕು ಕೊಟ್ಟಿದ್ದಿರಾ ಎಂದು ಅವರು ಕೇಳಿದರೆ ನಿರ್ದೇಶಕರ ಕುರ್ಚಿಯೇ ಅಲ್ಲಾಡುತ್ತದೆ. ಆದ್ದರಿಂದ ಅವಳು ಹಳೇ ನುರಿತ ಕೈ ಎಂದು ಕಾಣಬೇಕು. ನಿರ್ದೇಶಕರು ನನ್ನನ್ನು ಕರೆದು, ಅವಳು ಸೇರಿದ ತಾರೀಕು ಯಾವುದೆಂದು ಕೇಳಿದರು. ನನ್ನ ಉದ್ದ ನೋಟ್‌ಬುಕ್ಕು ತೆಗೆದು, ಮೂರನೇ ಜೂನ್ ತೊಂಬತ್ತೊಂದು ಎಂದೆ. ಅವರು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಇಂಗ್ಲಿಷಿನಲ್ಲಿ ಹೇಳಿದರು, ನಾನು ಬರೆದುಕೊಂಡೆ. ಅದರ ಸಾರಾಂಶ ಹೀಗಿತ್ತು: “ದಿನಾಂಕ 3-6-1991ರಿಂದ ಈ ಕೇಂದ್ರದ ಪ್ರಯೋಗಾಲಯ ಸಹಾಯಕಿಯಾಗಿ, ನನ್ನ ನೇರ ಮೇಲ್ವಿಚಾರಣೆಯಲ್ಲಿ, ಸತತವಾಗಿ ಕೆಲಸ ಮಾಡುತ್ತಿರುವ ಶ್ರೀಮತಿ ಗಂಗಾಲಕ್ಷ್ಮಿಯವರೇ, ಈ ಕೇಂದ್ರದ ಸೇವಾ ನಿಯಮಗಳು ನಿಮಗೆ ಅನ್ವಯಿಸುತ್ತವೆ ಎಂದು ತಿಳಿದಿದ್ದರೂ, ಅನುಮತಿ ಇಲ್ಲದ ಹೊರಗಿನ ಪದಾರ್ಥವನ್ನು...” ಹೀಗೆ ಒಂದೂವರೆ ಪುಟ.

ಸಾಹೇಬರ ಮಾತನ್ನು ತಿದ್ದದೆ ನಾನು ಯಾವ ಕಾಗದವನ್ನೂ ಟೈಪ್ ಮಾಡಿದವನಲ್ಲ. ಅವತ್ತು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಸತತವಾಗಿ ಎಂದು ಅವರು ಹೇಳಿದರು, ಸತತವಾಗಿ ಎಂದೇ ಹೊಡೆದೆ. ಶ್ರೀಮತಿ ಎಂದರು, ಶ್ರೀಮತಿ ಎಂದೇ ಹೊಡೆದೆ. ಸೀಲು ಒತ್ತಿದೆ, ಸಹಿ ಮಾಡಿಸಿದೆ, ನಂಬರು ಹಾಕಿದೆ. ಒಂದು ಸೀಲು ಸಾಲದೆಂದು ಎರಡು ಸೀಲು ಒತ್ತಿದೆ.

ಗಂಗಾಲಕ್ಷ್ಮಿಗೆ ಇಂಗ್ಲಿಷು ಬಾರದು. ಕಾಗದ ಕೈಗೆ ಕೊಟ್ಟಾಗ ಎರಡೂ ಕಡೆ ತಿರುಗಿಸಿ ನೋಡಿದಳು. ಕೆಲಸದಿಂದ ತೆಗೆದವ್ರಾ ಅಣ್ಣಾ ಎಂದು ಕೇಳಿದಳು. ನಾನು ಕೂರಿಸಿ, ಮೊದಲ ನಾಲ್ಕು ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಉಳಿದ ಬೈಗುಳವನ್ನು ಓದಬೇಕೇ ಎಂದು ಕೇಳಿದೆ. ಬೇಡ ಎಂದಳು. ಮೊದಲ ನಾಲ್ಕು ಸಾಲನ್ನೇ ಇನ್ನೊಂದು ಸಲ ಓದಿಸಿದಳು.

ವಿಚಾರಣೆಯ ದಿನ ಕಾರ್ಮಿಕ ಅಧಿಕಾರಿ ಎಂದಿನಂತೆ ಕೇಳಿದನಂತೆ, ಕಾಗದ ಏನಾದರೂ ಸಿಕ್ಕಿತೇನಮ್ಮ ಎಂದು. ಅವಳು ಸೆರಗಿನ ಗಂಟು ಬಿಚ್ಚಿ ಮಡಿಸಿದ ಮೆಮೊ ಕೊಟ್ಟಳು. ಅಧಿಕಾರಿ ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮೂರನೇ ಸಲ ಓದಿದ. ಕೇಂದ್ರದ ವಕೀಲರು ಆ ಕಾಗದವನ್ನು ಅದುವರೆಗೆ ಕಂಡಿರಲಿಲ್ಲ. ನಿರ್ದೇಶಕರು ಎದ್ದು, ಅದು ಕೋಪದಲ್ಲಿ ಬರೆಸಿದ್ದು, ಅದನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂದರು. ಅಧಿಕಾರಿ ಹೇಳಿದ ಮಾತು ಕೋಲಾರದಲ್ಲಿ ಒಂದು ವರ್ಷ ಓಡಾಡಿತು.

“ಕೋಪದಲ್ಲಾದ್ರೂ ನಿಜ ಹೇಳಿದೀರಲ್ಲ ಸ್ವಾಮಿ, ಸಂತೋಷ.”

ಎರಡು ಸಾವಿರದ ಮೂರರಲ್ಲಿ ಆದೇಶ ಬಂತು. ಗಂಗಾಲಕ್ಷ್ಮಿ ಸೇರಿದ ದಿನದಿಂದಲೂ ಕೇಂದ್ರದ ನೌಕರಳು, ಕಾಯಂ ಮಾಡತಕ್ಕದ್ದು. ಅವಳ ಸರ್ವಿಸ್ ಪುಸ್ತಕವನ್ನು ನಾನೇ ತೆರೆದೆ. ಅದರಲ್ಲಿ ಮೊದಲು ಅಂಟಿಸಬೇಕಾದ್ದು ನೇಮಕಾತಿ ಆದೇಶ. ಅದು ಇಲ್ಲವಲ್ಲ, ಆದ್ದರಿಂದ ಅವಳು ನೌಕರಳು ಎಂದು ತೋರಿಸುವ ಅತ್ಯಂತ ಹಳೇ ಕಾಗದವನ್ನು ಅಂಟಿಸಿದೆ. ಹಾಗೆ ಗಂಗಾಲಕ್ಷ್ಮಿಯ ಸರ್ವಿಸ್ ಪುಸ್ತಕ ಬೈಗುಳದಿಂದ ಶುರುವಾಯಿತು.

ನಿರ್ದೇಶಕರು ಮುನಿಸಿಕೊಂಡು ಒಂದು ಸುತ್ತೋಲೆ ಹೊರಡಿಸಿದರು. ತುಪ್ಪ, ಬೆಣ್ಣೆ, ಎಣ್ಣೆ ಮೊದಲಾದ ಜಿಡ್ಡಿನ ಪದಾರ್ಥಗಳನ್ನು ಆವರಣದೊಳಗೆ ತರುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ. ಗೇಟಿನಲ್ಲಿ ಅಂಟಿಸಿದರು. ಮುಂದಿನ ತಿಂಗಳ ಮೊದಲ ವಾರ ಗಂಗಾಲಕ್ಷ್ಮಿ ತುಂಬಿದ ಸ್ಟೀಲ್ ಡಬ್ಬಿಯೊಂದಿಗೆ ಗೇಟಿಗೆ ಬಂದಳು. ಮುನಿಶಾಮಿ ಸುತ್ತೋಲೆ ತೋರಿಸಿ, ತನ್ನ ತೆಲುಗಿನಲ್ಲಿ, “ಲೋಪಲಿಕಿ ಕುದರದಮ್ಮಾ” ಎಂದ. ಒಳಗೆ ಬಿಡಲು ಆಗುವುದಿಲ್ಲ ಎಂದು. ಅವಳು ಡಬ್ಬಿಯನ್ನು ಅವನ ಸ್ಟೂಲಿನ ಮೇಲಿಟ್ಟು ಒಳಗೆ ಬಂದು ಕೆಲಸ ಶುರು ಮಾಡಿದಳು. ಅಂದಿನಿಂದ ಪ್ರತಿ ತಿಂಗಳು ನಿರ್ದೇಶಕರು ಸಂಜೆ ಮನೆಗೆ ಹೊರಡುವಾಗ ಗೇಟಿನಲ್ಲಿ ಕಾರು ನಿಲ್ಲಿಸಿ, ಇಳಿದು, ತಮ್ಮ ಸುತ್ತೋಲೆಯ ಕೆಳಗೇ ನಿಂತು ತುಪ್ಪ ತೆಗೆದುಕೊಂಡು ಹೋಗಬೇಕಾಯಿತು. ನಾನು ಆ ವಾರವೆಲ್ಲ ಒಂದು ಬಸ್ಸು ತಡವಾಗಿ ಹೊರಡುತ್ತಿದ್ದೆ, ನೋಡಿಕೊಂಡು ಹೋಗೋಣ ಎಂದು.

ಆದರೆ ಭಾಗ್ಯವಂತರ ಕಥೆಯೇ ಬೇರೆ. ನೊರೆಯ ಔಷಧಿ ಕೊನೆಗೂ ಬಂತು. ಸಂಹಿತಾ ತುಪ್ಪವಿಲ್ಲದೆ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಜೀವಸತ್ವ ಹಾಕಿದರೆ ಪ್ರೋಟೀನು ಹೊರಗೆ, ಹಾಕದಿದ್ದರೆ ಒಳಗೆ. ನಮ್ಮ ಫ್ಲಾಸ್ಕುಗಳ ಯೀಸ್ಟಿಗೂ ಬರಿಗೈಯಲ್ಲಿ ಹೊರಟವನನ್ನು ತಡೆಯುವುದು ಗೊತ್ತಿತ್ತು. ಇದು ಮೊದಲಿನದಕ್ಕಿಂತ ದೊಡ್ಡ ಸುದ್ದಿಯಂತೆ. ಎರಡು ಸಾವಿರದ ನಾಲ್ಕರಲ್ಲಿ ಮೊದಲಿನದಕ್ಕಿಂತ ದೊಡ್ಡ ಪತ್ರಿಕೆಯಲ್ಲಿ ಬಂತು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎನ್ನುತ್ತಾರಲ್ಲ, ಇದಕ್ಕಿಂತ ಚೆನ್ನಾಗಿ ಬಿದ್ದದ್ದನ್ನು ನಾನು ಕಂಡಿಲ್ಲ. ಕೋಲಾರದಲ್ಲಿ ಸನ್ಮಾನವಾಯಿತು. ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ಮೊದಲ ಫಲಿತಾಂಶದ ಬಗ್ಗೆ ತಮಗೆ ಆಗಲೇ ಸಂಶಯವಿತ್ತೆಂದು ನಿರ್ದೇಶಕರು ಭಾಷಣ ಮಾಡಿದರು. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಸಲ್ಲಿಸಿದ್ದನ್ನು ನಾನೇ ಟೈಪ್ ಮಾಡಿದ್ದೆ. ದೆಹಲಿಯವರು, ಫಿಲ್ಮು ಕೊಟ್ಟವರು, ಯೀಸ್ಟು ಕಳಿಸಿಕೊಟ್ಟ ಪರದೇಶದವರು, ಎಲ್ಲ ಇದ್ದರು. ಸಂಹಿತಾ ಕರಡಿನಲ್ಲಿ ಗಂಗಾಲಕ್ಷ್ಮಿಯ ಹೆಸರು ಸೇರಿಸಿದ್ದಳು. ನಿರ್ದೇಶಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು, ಜಾಗವಿಲ್ಲ ಎಂದು.

ಅದೇ ವರ್ಷದ ಕೊನೆಗೆ ದೆಹಲಿಯಿಂದ ತಂಡವೊಂದು ಕೇಂದ್ರದ ಕಡತಗಳನ್ನೆಲ್ಲ ನೋಡಲು ಬರುವುದಿತ್ತು. ಸನ್ಮಾನಿತ ಸಂಶೋಧನೆಯ ಹಿಂದೆ ತುಪ್ಪದ ಮೆಮೊ ಇರುವುದು ನಿರ್ದೇಶಕರಿಗೆ ಸರಿ ಕಾಣಲಿಲ್ಲ. ಗಂಗಾಲಕ್ಷ್ಮಿಯನ್ನು ಕರೆಸಿ, ಜೀವನದಲ್ಲಿ ಮೊದಲ ಸಲ ಕೂರಲು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಸರ್ವಿಸ್ ಪುಸ್ತಕ ಹಿಡಿದುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ತುಂಬ ಮೃದುವಾಗಿ ಮಾತಾಡಿದರು. ಆದದ್ದೆಲ್ಲ ಆಗಿಹೋಯಿತು, ನಾನು ಕ್ಷಮಿಸಿದ್ದೇನೆ, ಮೆಮೊ ವಾಪಸು ತೆಗೆದುಕೊಳ್ಳುತ್ತೇನೆ, ಆ ಹಾಳೆಯನ್ನು ಕಿತ್ತುಬಿಡೋಣ, ಅದು ಅಲ್ಲಿ ಇರುವವರೆಗೆ ನಿನಗೆ ಬಡ್ತಿ ಬರುವುದಿಲ್ಲ, ಒಂದು ಸಹಿ ಹಾಕು ಸಾಕು ಎಂದರು. ಆ ಕೊನೆಯ ಮಾತು ಸುಳ್ಳಲ್ಲ. ಮೆಮೊ ಇರುವವರಿಗೆ ಬಡ್ತಿ ಇಲ್ಲ. ಒಪ್ಪಿಕೊಳ್ಳಲಿ ಎಂದು ನನಗೂ ಅನ್ನಿಸಿತು.

ಗಂಗಾಲಕ್ಷ್ಮಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮೊದಲ ಹಾಳೆ ತಿರುವಿದಳು. ತನಗೆ ಓದಲು ಬಾರದ ಸಾಲುಗಳ ಮೇಲೆ ಬೆರಳಾಡಿಸಿದಳು. ತೊಂಬತ್ತೊಂದು ಎಂಬ ಅಂಕಿ ಮಾತ್ರ ಅವಳಿಗೆ ಓದಲು ಬರುತ್ತಿತ್ತು, ಅಲ್ಲಿ ಬೆರಳು ನಿಂತಿತು.

“ಇದನ್ನ ಕಿತ್ತಾಕಿದ್ರೆ ಅಷ್ಟು ವರ್ಸ ನಾನಿಲ್ಲಿ ಇರ್ಲೇ ಇಲ್ಲ ಅಂತಾಗ್ತದೆ ಸಾರ್. ಬೈದಿದ್ರೂ ನನ್ನೆಸ್ರಿಟ್ಟು ಬೈದಿದೀರ. ಬಡ್ತಿ ಬೇಡ, ಇದು ಇರ್ಲಿ.”

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಕುಕ್ಕರಿನ ಆವಿ ಬಿಡುವ ಹೊತ್ತಾಯಿತು ಎಂದು ಹೊರಟುಹೋದಳು. ನಿರ್ದೇಶಕರು ನನ್ನ ಮುಖ ನೋಡಿದರು. ನಾನು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ನನ್ನ ಜೇಬಿಗೆ ಹಾಕಿಕೊಂಡೆ.